ಮಾಡಿಕೊಡುವುದೋ, ಮಾಡಿಸಿಕೊಡುವುದೋ?

ಈ ಸಲ ಉತ್ತರಿಸಲು ಆಯ್ದುಕೊಂಡ ನಾಲ್ಕು ಪತ್ರಗಳಲ್ಲಿ ಎರಡು ದಾವಣಗೆರೆಯಿಂದ, ಎರಡು ಚಿತ್ರದುರ್ಗದಿಂದ ಬಂದವು. ಬರೆದವರ ಕಸುಬು ಬೇರೆ ಬೇರೆಯಾದರೂ ನಾಲ್ವರೂ ಕೇಳಿರುವುದು ಹೆಚ್ಚುಕಡಿಮೆ ಒಂದೇ: ತಮಗೆ ಒಗ್ಗದ ಕೆಲಸವೊಂದು ಬಂದು ಮೇಜಿನ ಮೇಲೆ ಕುಳಿತಿದೆ, ಅದನ್ನು ಇನ್ನೊಬ್ಬರ ಕೈಗೆ ಕೊಡಬಹುದೇ, ಕೊಡುವುದಾದರೆ ಹೇಗೆ? ಮೊದಲನೆಯ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಏಕೆಂದರೆ ಅಲ್ಲಿ ಎಡವಿದರೆ ಹೋಗುವುದು ಹಣ ಮಾತ್ರವಲ್ಲ.

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರ್. ದಾವಣಗೆರೆಯಲ್ಲಿ ಹನ್ನೊಂದು ವರ್ಷಗಳಿಂದ ಸಣ್ಣ ಕಚೇರಿ ಇಟ್ಟುಕೊಂಡು ಮನೆಗಳ ನಕ್ಷೆ, ಎಸ್ಟಿಮೇಟು, ಮೇಲ್ವಿಚಾರಣೆ ನೋಡಿಕೊಂಡು ಬಂದಿದ್ದೇನೆ. ಒಬ್ಬ ಡ್ರಾಫ್ಟ್ಸ್‌ಮನ್ ಮತ್ತು ಕಾಲೇಜು ಮುಗಿಸಿ ಎರಡು ವರ್ಷವಾದ ಒಬ್ಬ ಕಿರಿಯ ಎಂಜಿನಿಯರ್ ನನ್ನ ಜೊತೆಗಿದ್ದಾರೆ. ಎಪಿಎಂಸಿಯಲ್ಲಿ ದಲಾಲಿ ಅಂಗಡಿ ನಡೆಸುವ ಸಾಹುಕಾರರೊಬ್ಬರ ಮನೆಯ ಕೆಲಸವನ್ನು ಹಿಂದೆ ಮಾಡಿದ್ದೆ. ಈಗ ಅವರು ಹರಿಹರದ ಕಡೆ ಇರುವ ತಮ್ಮ ಜಾಗದಲ್ಲಿ ಮೆಕ್ಕೆಜೋಳ ದಾಸ್ತಾನು ಮಾಡಲು ಅರವತ್ತು ಅಡಿ ಅಗಲದ ಕಬ್ಬಿಣದ ಗೋದಾಮು ಹಾಕಿಸಬೇಕೆಂದು ನನ್ನನ್ನು ಕರೆದು, “ನಂಗೆ ಬ್ಯಾರೆಯವರು ಗೊತ್ತಿಲ್ಲಪ್ಪ, ನಿನ್ನ ಮ್ಯಾಲೆ ಬಿಟ್ಟೀನಿ, ಮಾಡಿಸಿಕೊಡು” ಎಂದರು. ಹೂಂ ಎಂದು ಬಂದೆ. ಮೂರು ವಾರವಾಯಿತು, ಆ ಫೈಲನ್ನು ಬಿಚ್ಚಿಲ್ಲ. ಕಬ್ಬಿಣದ ಕೆಲಸ ನನಗೆ ಒಗ್ಗುವುದಿಲ್ಲ, ಅದರಲ್ಲಿ ಆಸಕ್ತಿಯೂ ಇಲ್ಲ. ಕಿರಿಯನಿಗೆ ಕೊಟ್ಟರೆ ಕಲಿತಂತಾಗುತ್ತದೆ ಎಂದು ಒಮ್ಮೆ, ಬೆಂಗಳೂರಿನಲ್ಲಿರುವ ಪರಿಚಯದ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಸದ್ದಿಲ್ಲದೆ ಮಾಡಿಸಿ ನನ್ನ ಹೆಸರಿನಲ್ಲೇ ಕೊಡೋಣ ಎಂದು ಇನ್ನೊಮ್ಮೆ ಅನ್ನಿಸುತ್ತದೆ. ನನಗೆ ಬರುವುದಿಲ್ಲ ಎಂದರೆ ಸಾಹುಕಾರರ ಕಣ್ಣಲ್ಲಿ ಸಣ್ಣವನಾಗುತ್ತೇನೆಂಬ ಅಳುಕು. ಇದಲ್ಲದೆ ಅಳತೆ ಪುಸ್ತಕ ಬರೆಯುವುದು, ಗುತ್ತಿಗೆದಾರರ ಬಿಲ್ಲು ತಾಳೆ ನೋಡುವುದು ಕೂಡ ನನಗೆ ತಲೆನೋವೇ. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಸಾಹುಕಾರರು ಬಳಸಿದ ಕ್ರಿಯಾಪದವನ್ನು ಇನ್ನೊಮ್ಮೆ ಓದಿಕೊಳ್ಳಿ. ಅವರು ‘ಮಾಡಿಕೊಡು’ ಎಂದಿಲ್ಲ, ‘ಮಾಡಿಸಿಕೊಡು’ ಎಂದಿದ್ದಾರೆ. ನಡುವೆ ಬಂದಿರುವ ಆ ‘ಇಸು’ ಪ್ರತ್ಯಯದ ಮೇಲೆ ನಿಮ್ಮ ಇಡೀ ಪ್ರಶ್ನೆ ನಿಂತಿದೆ. ಮನೆ ಕಟ್ಟಿಸಿದವರು ಯಾರೂ ಗಾರೆ ಕಲಸಿರುವುದಿಲ್ಲ, ಆದರೂ ‘ಮನೆ ಕಟ್ಟಿಸಿದೆ’ ಎಂದು ಹೇಳಿಕೊಳ್ಳುವಾಗ ನಮ್ಮ ಜನರಿಗೆ ಯಾವ ಸಂಕೋಚವೂ ಇಲ್ಲ; ಮಾಡಿಸುವುದೂ ಒಂದು ಕೆಲಸವೇ, ಅದಕ್ಕೂ ತಲೆ ಖರ್ಚಾಗುತ್ತದೆ, ಅದಕ್ಕೂ ಕೂಲಿ ಉಂಟು ಎಂಬುದನ್ನು ಭಾಷೆಯೇ ಒಪ್ಪಿಕೊಂಡಿದೆ. ಮಾಡಿಕೊಡಬೇಕಾದವನು ನಾನು ಎಂದು ತಿಳಿದು ನೀವು ಮೂರು ವಾರ ಕೊರಗಿದ್ದೀರಿ. ಅವರು ಹುಡುಕುತ್ತಿದ್ದದ್ದು ಮಾಡಿಸಿಕೊಡುವ ನಂಬಿಕಸ್ಥನನ್ನು.

ಕಾನೂನು ಎಳೆಯುವ ಗೆರೆಯೂ ಇದೇ. 1872ರ ಭಾರತೀಯ ಕರಾರು ಕಾಯ್ದೆಯ 40ನೆಯ ಕಲಮಿನ ಪ್ರಕಾರ, ಮಾತು ಕೊಟ್ಟವನೇ ಸ್ವತಃ ಅದನ್ನು ನಡೆಸಿಕೊಡಬೇಕೆಂಬುದು ಕರಾರಿನ ಉದ್ದೇಶವಾಗಿದ್ದರೆ ಅವನೇ ನಡೆಸಿಕೊಡಬೇಕು. ಹಾಗಿಲ್ಲದ ಕಡೆ ಸಮರ್ಥನಾದ ಇನ್ನೊಬ್ಬನಿಂದ ಮಾಡಿಸಬಹುದು. ಕಾಯ್ದೆಯೊಳಗೇ ಎರಡು ಉದಾಹರಣೆಗಳಿವೆ. ಹಣ ಕೊಡುತ್ತೇನೆಂದವನು ಅದನ್ನು ತಾನೇ ಕೊಡಬಹುದು, ಇನ್ನೊಬ್ಬರಿಂದ ಕೊಡಿಸಲೂಬಹುದು. ಚಿತ್ರ ಬರೆದುಕೊಡುತ್ತೇನೆಂದವನು ಮಾತ್ರ ಕುಂಚವನ್ನು ತಾನೇ ಹಿಡಿಯಬೇಕು. ಗೋದಾಮಿನ ಲೆಕ್ಕ ಚಿತ್ರ ಬರೆಯುವಂಥ ಕೆಲಸವಲ್ಲವಾದ್ದರಿಂದ, ನಿಮ್ಮ ಕೈಬರಹವೇ ಬೇಕೆಂದು ಸಾಹುಕಾರರು ಹಟ ಹಿಡಿಯುವ ಸಂಭವವಿಲ್ಲ. ಆದರೆ ಆ ಕಲಮಿನ ಒಂದು ಮಾತನ್ನು ದಾಟಿ ಹೋಗಬೇಡಿ: ‘ಸಮರ್ಥನಾದ’ ಇನ್ನೊಬ್ಬನಿಂದ. ನಿಮ್ಮ ಕಿರಿಯ ಎಂಜಿನಿಯರ್ ಒಳ್ಳೆಯ ಹುಡುಗನಿರಬಹುದು, ಈ ಕೆಲಸಕ್ಕೆ ಅವನು ಆ ‘ಇನ್ನೊಬ್ಬ’ ಅಲ್ಲ.

ಏಕೆಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತಿರಬೇಕು, ಆದರೂ ಬರೆಯುತ್ತೇನೆ. ನಾನು ಎಂಜಿನಿಯರ್ ಅಲ್ಲ. ಹತ್ತಿ ಗಿರಣಿಯೊಂದರ ಕಚೇರಿಯಲ್ಲಿದ್ದಾಗ ಶೆಡ್ಡುಗಳನ್ನು ಹಾಕಿಸಿದವನು, ಅಂದರೆ ನಾನೂ ‘ಇಸು’ ಪ್ರತ್ಯಯದವನೇ. ಆಗ ಒಬ್ಬ ಹಿರಿಯ ಎಂಜಿನಿಯರ್ ನನಗೆ ತಿಳಿಸಿಕೊಟ್ಟದ್ದು ಇಷ್ಟು: ಕಾಂಕ್ರೀಟು ಮನೆಯನ್ನು ಅದರ ತೂಕವೇ ನೆಲಕ್ಕೆ ಒತ್ತಿ ಹಿಡಿದಿರುತ್ತದೆ, ಆದ್ದರಿಂದ ಮನೆ ಕಟ್ಟುವವರ ಲೆಕ್ಕವೆಲ್ಲ ಭಾರ ಕೆಳಗೆ ಹೇಗೆ ಇಳಿಯುತ್ತದೆ ಎಂಬುದರ ಸುತ್ತಲೇ ಇರುತ್ತದೆ, ಕಬ್ಬಿಣದ ಶೆಡ್ಡು ಹಗುರ, ಅಲ್ಲಿ ಗಾಳಿ ಮಾಡನ್ನು ಮೇಲಕ್ಕೆ ಎತ್ತುವುದನ್ನೂ ಲೆಕ್ಕ ಹಾಕಬೇಕು, ಕಂಬದ ಬುಡದ ಬೋಲ್ಟು ಕೂಡ ಎಳೆತಕ್ಕೆ ಸಿಕ್ಕುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಳೆಗೆ ಮುಂಚೆ ನಮ್ಮ ಬಯಲಿನಲ್ಲಿ ಎದ್ದು ಬರುವ ಗಾಳಿ ಎಷ್ಟು ಶೀಟುಗಳನ್ನು ಹೊಲಕ್ಕೆ ಒಯ್ದು ಹಾಕಿದೆ ಎಂಬುದು ಈ ಸೀಮೆಯಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ. ನೀವು ದಿನಾ ಕೈಯಾಡಿಸುವ ಐಎಸ್ (ಭಾರತೀಯ ಮಾನಕ) 456 ಕಾಂಕ್ರೀಟಿನ ಸಂಹಿತೆ. ಉಕ್ಕಿಗೆ ಇರುವುದು ಐಎಸ್ 800, ಅದರ ಲೆಕ್ಕದ ಪದ್ಧತಿಯೇ 2007ರ ಪರಿಷ್ಕರಣೆಯಲ್ಲಿ ಬದಲಾಯಿತು. ಗಾಳಿಗೆ ಐಎಸ್ 875ರ ಮೂರನೆಯ ಭಾಗವನ್ನು ಬೇರೆಯಾಗಿ ತೆರೆಯಬೇಕು. ಇವುಗಳಲ್ಲಿ ನಿಮಗೇ ಕೈ ಕುದುರಿಲ್ಲವೆಂದ ಮೇಲೆ, ಹುಡುಗ ಹಾಕಿದ ಲೆಕ್ಕದಲ್ಲಿ ತಪ್ಪಿದೆಯೋ ಇಲ್ಲವೋ ಎಂದು ನೋಡುವವರು ಯಾರು? ನೀವು ತಿದ್ದಲಾರದ ಕೆಲಸವನ್ನು ನಿಮ್ಮ ಕೈಕೆಳಗಿನವರಿಗೆ ಕೊಡುವುದು ಕಲಿಸಿದಂತಲ್ಲ, ತಪ್ಪನ್ನು ಒಂದು ಮೆಟ್ಟಿಲು ಕೆಳಗೆ ಇಳಿಸಿದಂತೆ ಅಷ್ಟೇ.

ನಿಮ್ಮ ಪತ್ರದಲ್ಲಿ ಎರಡು ಬಗೆಯ ‘ಒಗ್ಗದ ಕೆಲಸ’ಗಳು ಒಂದೇ ಗಂಟಿನಲ್ಲಿವೆ, ಅವನ್ನು ಬಿಡಿಸಿ ಇಡಬೇಕು. ಅಳತೆ ಪುಸ್ತಕ ಮತ್ತು ಬಿಲ್ಲು ನಿಮಗೆ ಚೆನ್ನಾಗಿ ಬರುವ, ಆದರೆ ಬೇಸರ ತರಿಸುವ ಕೆಲಸ. ಅದನ್ನು ಇವತ್ತೇ ಕಿರಿಯನಿಗೆ ಕೊಡಿ. ಅವನಿಗೆ ಅದು ಹೊಸದು, ಕಲಿಯುತ್ತಾನೆ, ತಪ್ಪಿದರೆ ಹತ್ತು ನಿಮಿಷದಲ್ಲಿ ನಿಮ್ಮ ಕಣ್ಣಿಗೆ ಬೀಳುತ್ತದೆ. ಮೊದಲ ಎರಡು ಬಿಲ್ಲುಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ, ಆಮೇಲೆ ಮೊತ್ತ ಮತ್ತು ಒಂದೆರಡು ಅಳತೆಗಳನ್ನಷ್ಟೇ ತಾಳೆ ಮಾಡಿ ಸಹಿ ಹಾಕಿ. ಉಕ್ಕಿನ ಲೆಕ್ಕ ನಿಮಗೆ ಬಾರದ ಕೆಲಸ, ಅದು ನಿಮಗಿಂತ ಹೆಚ್ಚು ಬಲ್ಲವರ ಕಡೆಗೆ ಹೋಗಬೇಕು. ಬರುವ ಕೆಲಸ ಕೆಳಗೆ, ಬಾರದ ಕೆಲಸ ಮೇಲೆ. ನಮ್ಮ ಕಚೇರಿಗಳಲ್ಲಿ ನಡೆಯುವುದು ಬಹುಮಟ್ಟಿಗೆ ಇದರ ತಿರುಗುಮುರುಗು: ಬಲ್ಲ ಕೆಲಸವನ್ನು ಬೇರೆಯವರು ಕೆಡಿಸುತ್ತಾರೆಂದು ಎದೆಗೆ ಅವುಚಿಕೊಂಡಿರುತ್ತೇವೆ, ಅರ್ಥವಾಗದ್ದನ್ನು ‘ನೀನೇ ನೋಡಪ್ಪ’ ಎಂದು ಕಿರಿಯರ ಮೇಜಿಗೆ ಸರಿಸುತ್ತೇವೆ.

ಹಾಗೆಂದು ಇಡೀ ಗೋದಾಮನ್ನು ಬೆಂಗಳೂರಿಗೆ ಕಟ್ಟಿ ಕಳಿಸಬೇಕಾಗಿಲ್ಲ. ನಿಮ್ಮ ಸಾಹುಕಾರರ ಜಾಗ ಎರೆನೆಲವಾಗಿದ್ದರೆ, ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ಆ ಮಣ್ಣಿನಲ್ಲಿ ಪಾಯ ಹೇಗೆ ತೆಗೆಯಬೇಕೆಂಬುದು ಹನ್ನೊಂದು ವರ್ಷ ಇಲ್ಲಿ ಮನೆ ಕಟ್ಟಿಸಿದ ನಿಮಗೆ ಗೊತ್ತು, ಅಲ್ಲಿಯವರಿಗೆ ನೀವು ಹೇಳಿದರಷ್ಟೇ ಗೊತ್ತಾಗುತ್ತದೆ. ಲಾರಿ ಯಾವ ಕಡೆಯಿಂದ ಒಳಗೆ ಬರುತ್ತದೆ, ಹಮಾಲರು ಚೀಲಗಳನ್ನು ಎಷ್ಟು ಎತ್ತರಕ್ಕೆ ನಿಟ್ಟು ಹಾಕುತ್ತಾರೆ, ಕಾಳನ್ನು ಚೀಲದಲ್ಲಿ ಇಡುತ್ತಾರೋ ಸಡಿಲವಾಗಿ ರಾಶಿ ಹಾಕುತ್ತಾರೋ – ಇದೊಂದು ಮಾತು ಗೋಡೆಯ ಲೆಕ್ಕವನ್ನೇ ಬದಲಿಸುತ್ತದೆ, ಏಕೆಂದರೆ ಸಡಿಲ ಕಾಳಿನ ರಾಶಿ ಗೋಡೆಯನ್ನು ಅಡ್ಡಕ್ಕೆ ತಳ್ಳುತ್ತದೆ. ಮೆಕ್ಕೆಜೋಳದ ತೇವಾಂಶ ಶೇಕಡಾ 14ಕ್ಕಿಂತ ಹೆಚ್ಚಿದ್ದರೆ ಬೂಸ್ಟು ಹಿಡಿಯುವ ಭಯವಿರುವುದರಿಂದ ನೆಲದ ಥಂಡಿ ಮೇಲೇರದಂತೆ ತಡೆಯಬೇಕು, ಗಾಳಿಯಾಡಲು ಜಾಗ ಬಿಡಬೇಕು. ಇದೆಲ್ಲ ಸಾಹುಕಾರರ ತಲೆಯಲ್ಲಿದೆ, ಯಾರೂ ಕೇಳದೆ ಅವರು ಹೇಳುವುದಿಲ್ಲ. ಅವರ ತಲೆಯಲ್ಲಿರುವುದನ್ನು ಕೇಳಿ ತಿಳಿದು, ಲೆಕ್ಕ ಹಾಕುವವರಿಗೆ ಅರ್ಥವಾಗುವಂತೆ ದಾಟಿಸುವವರು ನೀವು. ಮಾಡಿಸುವವನ ಕೆಲಸವೆಂದರೆ ಇದು, ಇದರಲ್ಲಿ ನಿಮಗೆ ಒಗ್ಗದಿರುವುದು ಯಾವುದೂ ಇಲ್ಲ. ಕೊಡಬೇಕಾದದ್ದು ಕಂಬ, ಟ್ರಸ್ (ಮಾಡನ್ನು ಹೊರುವ ಕಬ್ಬಿಣದ ಚೌಕಟ್ಟು), ಪರ್ಲಿನ್ (ಶೀಟು ಕೂರಿಸುವ ಅಡ್ಡಪಟ್ಟಿ), ಬೋಲ್ಟಿನ ಲೆಕ್ಕ ಮತ್ತು ನಕ್ಷೆಗಳನ್ನು ಮಾತ್ರ.

ಕೊಡುವಾಗ ಫೋನಿನಲ್ಲಿ ‘ಒಂದು ಅರವತ್ತಡಿ ಶೆಡ್ ಇದೆ, ನೋಡಿ ಸಾರ್’ ಎಂದು ಮುಗಿಸಬೇಡಿ. ಒಂದು ಹಾಳೆ ಬರೆಯಿರಿ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: “ಮೆಕ್ಕೆಜೋಳದ ಚೀಲಗಳ ದಾಸ್ತಾನಿಗೆ ಗೋದಾಮು, ಅಗಲ 60 ಅಡಿ, ಉದ್ದ ಜಾಗದ ನಕ್ಷೆಯಲ್ಲಿದೆ. ಲೋಡಾದ ಲಾರಿ ಒಳಗೆ ಬಂದು ತಿರುಗಬೇಕು, ನಡುವೆ ಕಂಬ ಬೇಡ. ಮಣ್ಣಿನ ಪರೀಕ್ಷೆಯ ವರದಿ ಲಗತ್ತಿಸಿದೆ. ಪಾಯದ ವಿನ್ಯಾಸ ನನ್ನದು, ಬುಡಕ್ಕೆ ಬರುವ ಒತ್ತಡ ಮತ್ತು ಎಳೆತದ ಅಂಕಿಗಳನ್ನು ಮಾತ್ರ ತಾವು ಕೊಡಬೇಕು. ಉಕ್ಕಿನ ಸೆಕ್ಷನ್ ಆಯ್ಕೆ ತಮ್ಮದೇ, ನನ್ನನ್ನು ಕೇಳಬೇಕಾಗಿಲ್ಲ. ಎತ್ತರ ಮತ್ತು ಬಾಗಿಲಿನ ಜಾಗ ಬದಲಿಸುವುದಾದರೆ ಮಾತ್ರ ಮೊದಲು ಕೇಳಬೇಕು. ದೀಪಾವಳಿಯ ಆಸುಪಾಸಿನಲ್ಲಿ ಹೊಸ ಮಾಲಿನ ಆವಕ ಶುರುವಾಗುವುದರಿಂದ ಅದಕ್ಕೆ ಮುಂಚೆ ಶೀಟು ಹೊದಿಸಿರಬೇಕು. ನಕ್ಷೆಯ ಮೇಲೆ ತಮ್ಮ ಹೆಸರು ಮತ್ತು ಸಹಿ ಇರಬೇಕು.” ಕಡೆಯ ವಾಕ್ಯಕ್ಕೆ ಅವರು ಒಪ್ಪದಿದ್ದರೆ ಬೇರೆಯವರನ್ನು ನೋಡಿ.

ಸದ್ದಿಲ್ಲದೆ ಮಾಡಿಸಿ ನಿಮ್ಮ ಹೆಸರಿನಲ್ಲಿ ಕೊಡುವ ಯೋಚನೆಯನ್ನು ಕೈಬಿಡಿ ಎನ್ನುವುದೂ ಇದೇ ಕಾರಣಕ್ಕೆ. ಸಹಿ ನಿಮ್ಮದಾದ ಕ್ಷಣ ಹೊಣೆಯೂ ಪೂರ್ತಿ ನಿಮ್ಮದೇ ಆಗುತ್ತದೆ, ಅರ್ಥವಾಗದ ಲೆಕ್ಕದ ಹೊಣೆ. ನಿಮ್ಮ ಮುಂದೆ ನೇರವಾದ ದಾರಿಗಳು ಎರಡಿವೆ. ಒಂದು, ಬೆಂಗಳೂರಿನ ಎಂಜಿನಿಯರನ್ನು ಜೊತೆಗಿಟ್ಟುಕೊಂಡು ಸಾಹುಕಾರರಿಗೆ ನೀವೇ ಉತ್ತರ ಕೊಡುವುದು. ಇನ್ನೊಂದು, ಅವರನ್ನು ಸಾಹುಕಾರರಿಗೆ ತೋರಿಸಿ, ಅವರಿಬ್ಬರ ನಡುವೆಯೇ ಕರಾರು ಮಾಡಿಸಿ, ನೀವು ನಿಮ್ಮ ಪಾಲಿನ ಕೆಲಸಕ್ಕೆ ನಿಲ್ಲುವುದು. ಕರಾರು ಕಾಯ್ದೆಯಲ್ಲಿ ಏಜೆಂಟರ ಬಗೆಗಿನ ಭಾಗದ 195ನೆಯ ಕಲಮಿಗೆ ಒಂದು ಹಡಗಿನ ಉದಾಹರಣೆ ಇದೆ. ಹಡಗು ಕೊಂಡುಕೊಡೆಂದು ಒಬ್ಬನು ವರ್ತಕನೊಬ್ಬನಿಗೆ ಹೇಳುತ್ತಾನೆ. ವರ್ತಕ ಒಳ್ಳೆಯ ಹೆಸರಿರುವ ಹಡಗು ಪರೀಕ್ಷಕನನ್ನು ನೇಮಿಸುತ್ತಾನೆ. ಪರೀಕ್ಷಕ ಉದಾಸೀನದಿಂದ ಕೆಟ್ಟ ಹಡಗನ್ನು ಆರಿಸುತ್ತಾನೆ, ಹಡಗು ನಷ್ಟವಾಗುತ್ತದೆ. ಹೊಣೆ ಪರೀಕ್ಷಕನದು, ವರ್ತಕನದಲ್ಲ. ಏಕೆಂದರೆ ವಿವೇಕಿಯಾದವನು ತನ್ನ ಸ್ವಂತ ಕೆಲಸಕ್ಕೆ ಎಷ್ಟು ವಿಚಾರಿಸಿ ಆರಿಸುತ್ತಿದ್ದನೋ ಅಷ್ಟೇ ವಿಚಾರಿಸಿ ವರ್ತಕ ಆರಿಸಿದ್ದಾನೆ. ಸಮುದ್ರಕ್ಕೆ ದೂರದ ದಾವಣಗೆರೆಯವರಿಗೆ ಹಡಗಿನ ಉಸಾಬರಿ ಏಕೆಂದು ನೀವು ಕೇಳಬಹುದು, ಆದರೆ ಹಡಗಿನ ಜಾಗದಲ್ಲಿ ಗೋದಾಮು ಇಟ್ಟು ನೋಡಿ. ‘ಪರಿಚಯದವರು’ ಎಂಬುದು ವಿಚಾರಿಸಿದಂತಾಗಲಿಲ್ಲ. ಅವರು ಈ ಅಗಲದ ಶೆಡ್ಡುಗಳನ್ನು ಮಾಡಿದ್ದಾರೆಯೇ, ಅವು ಎಲ್ಲಿವೆ ಎಂದು ಕೇಳಿ, ಒಂದನ್ನಾದರೂ ಹೋಗಿ ನೋಡಿಬನ್ನಿ. ನನ್ನ ಒಲವು ಎರಡನೆಯ ದಾರಿಯ ಕಡೆಗಿದೆ. ನಿಮ್ಮ ಕರಾರಿನ ಬರಹವನ್ನು ಮಾತ್ರ ಸ್ಥಳೀಯ ವಕೀಲರೊಬ್ಬರಿಗೆ ತೋರಿಸಿ ಸಹಿ ಹಾಕಿಸಿ.

ಹಣದ ಮಾತು. ನಡುವೆ ನಿಂತು ನಕ್ಷೆಗಳನ್ನು ಹೊಂದಿಸಿ, ಕಬ್ಬಿಣ ಕತ್ತರಿಸಿ ಜೋಡಿಸುವ ಫ್ಯಾಬ್ರಿಕೇಟರ್ ಕೆಲಸವನ್ನು ಮೇಲ್ವಿಚಾರಣೆ ಮಾಡುವುದಾದರೆ ಅದಕ್ಕೆ ಬೇರೆ ಫೀಸು ಕೇಳಿ, ಸಾಹುಕಾರರಿಗೆ ಗೊತ್ತಾಗುವಂತೆಯೇ ಕೇಳಿ. ದಲಾಲಿ ಅಂಗಡಿ ನಡೆಸುವವರಿಗೆ ನಡುವೆ ನಿಲ್ಲುವವನ ಕೂಲಿಯ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಪರಿಚಯ ಮಾಡಿಸಿದ್ದಕ್ಕೆ ಮಾತ್ರ ಬೆಂಗಳೂರಿನವರಿಂದ ಕಮಿಷನ್ ತೆಗೆದುಕೊಳ್ಳಬೇಡಿ. ತೆಗೆದುಕೊಂಡರೆ ಮುಂದಿನ ಸಲ ಒಳ್ಳೆಯವರನ್ನು ಹುಡುಕುವ ಬದಲು ಕಮಿಷನ್ ಕೊಡುವವರನ್ನು ಹುಡುಕತೊಡಗುತ್ತೀರಿ.

ಇನ್ನು ಆ ಮೂರು ವಾರ. ನಿಮ್ಮ ಪತ್ರದಲ್ಲಿ ನನಗೆ ಆತಂಕ ತಂದದ್ದು ಕಬ್ಬಿಣವಲ್ಲ, ಈ ಮೂರು ವಾರ. ಗಿರಣಿಯಲ್ಲಿದ್ದಾಗ ವಾರ್ಷಿಕೋತ್ಸವದ ಸ್ಮರಣ ಸಂಚಿಕೆ ತರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಜಾಹೀರಾತು ಕೇಳಿಕೊಂಡು ಅಂಗಡಿ ಅಂಗಡಿ ತಿರುಗುವುದೆಂದರೆ ನನಗೆ ಪ್ರಾಣಸಂಕಟ. ಒಂದು ತಿಂಗಳು ಡ್ರಾಯರಿನಲ್ಲಿ ಇಟ್ಟುಕೊಂಡು, ಇನ್ನು ಹನ್ನೆರಡೇ ದಿನ ಉಳಿದಿದೆ ಎನ್ನುವಾಗ ಓಡಾಟದಲ್ಲಿ ಚುರುಕಾಗಿದ್ದ ಗುಮಾಸ್ತನೊಬ್ಬನಿಗೆ ದಾಟಿಸಿದೆ. ಸಂಚಿಕೆ ಸಮಾರಂಭದ ಮಾರನೆಯ ದಿನ ಅಚ್ಚಾಗಿ ಬಂತು, ಬೈಸಿಕೊಂಡವನು ಅವನು. ಅವನು ಅದಕ್ಕೆ ಸರಿಯಾದ ಮನುಷ್ಯನೇ ಆಗಿದ್ದ. ನಾನು ಅವನಿಗೆ ಕೊಟ್ಟದ್ದು ಕೆಲಸವನ್ನಲ್ಲ, ನನ್ನ ತಡವನ್ನು. ಕಾರಣವನ್ನು ಆ ದಿನ ಎಲ್ಲರ ಮುಂದೆ ಹೇಳುವ ಧೈರ್ಯವೂ ನನಗೆ ಬರಲಿಲ್ಲ. ಆದ್ದರಿಂದ ಬೆಂಗಳೂರಿಗೆ ಫೋನ್ ಮಾಡುವ ಮುಂಚೆ ಸಾಹುಕಾರರ ಅಂಗಡಿಗೆ ಹೋಗಿ. ವ್ಯಾಪಾರ ಮುಗಿದು ಅವರು ನಿರಾಳವಾಗಿ ಕೂತಿರುವ ಸಂಜೆ ಹೋಗಿ, “ಅಣ್ಣಾವ್ರೇ, ಪಾಯ ನಾನು ನೋಡ್ತೀನಿ, ಮೇಲಿನ ಕಬ್ಬಿಣದ ಲೆಕ್ಕ ನನ್ನ ಕೈಗೆ ಮೀರಿದ್ದು, ಅದರಲ್ಲಿ ಪಳಗಿದವರಿಂದ ಮಾಡಿಸ್ತೀನಿ. ಇದನ್ನ ಹೇಳೋಕೆ ಮೂರು ವಾರ ತಡ ಮಾಡಿದ್ದು ನನ್ನ ತಪ್ಪು” ಎಂದು ಹೇಳಿ. ಅವರು ಸಿಟ್ಟಾಗುವುದಿದ್ದರೆ ತಡಕ್ಕೆ ಸಿಟ್ಟಾದಾರು, ‘ಬರುವುದಿಲ್ಲ’ ಎಂದದ್ದಕ್ಕಲ್ಲ.

ಪ್ರಶ್ನೆ: ಚಿತ್ರದುರ್ಗದ ಪದವಿ ಕಾಲೇಜೊಂದರಲ್ಲಿ ನಾನು ಕನ್ನಡ ಉಪನ್ಯಾಸಕಿ. ಪ್ರಾಂಶುಪಾಲರು ಈ ವರ್ಷ ನನ್ನನ್ನು ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ಸಂಸ್ಥೆ) ಕೆಲಸದ ಸಂಯೋಜಕಿಯನ್ನಾಗಿ ಮಾಡಿದ್ದಾರೆ. ಅಂಕಿಅಂಶ, ಎಕ್ಸೆಲ್ ಹಾಳೆ ಎಂದರೆ ನನಗೆ ಕೈಕಾಲು ಆಡುವುದಿಲ್ಲ. ನಮ್ಮಲ್ಲಿ ಕಂಪ್ಯೂಟರ್ ವಿಜ್ಞಾನದ ಅತಿಥಿ ಉಪನ್ಯಾಸಕಿಯೊಬ್ಬರಿದ್ದಾರೆ, ಇಂಥ ಕೆಲಸ ಅವರಿಗೆ ನೀರು ಕುಡಿದಷ್ಟು ಸುಲಭ. ಕೇಳಿದರೆ “ಆಯ್ತು ಮೇಡಂ” ಎಂದರು. ಪೂರ್ತಿ ಅವರಿಗೇ ವಹಿಸಿ, ಮೇಲುಸ್ತುವಾರಿಯಷ್ಟೇ ನಾನು ನೋಡಿಕೊಳ್ಳಬಹುದೇ?
– ಒಬ್ಬ ಉಪನ್ಯಾಸಕಿ, ಚಿತ್ರದುರ್ಗ

ಉತ್ತರ: ಅವರ ‘ಆಯ್ತು ಮೇಡಂ’ ಎಂಬ ಮಾತನ್ನು ಒಪ್ಪಿಗೆ ಎಂದು ತೆಗೆದುಕೊಳ್ಳಬೇಡಿ. ಗೌರವಧನದ ಮೇಲೆ ದುಡಿಯುವ, ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಎಂಬ ಯೋಚನೆಯಲ್ಲೇ ಇರುವ ಒಬ್ಬರು ಕಾಯಂ ಉಪನ್ಯಾಸಕಿಗೆ ‘ಆಗುವುದಿಲ್ಲ’ ಎಂದು ಹೇಗೆ ಹೇಳಿಯಾರು? ಹಿಂದಿನ ಪತ್ರದ ಎಂಜಿನಿಯರ್ ತನಗಿಂತ ಬಲ್ಲವರ ಬಳಿ ಹೋಗಬೇಕಾಗಿತ್ತು, ಬಲ್ಲವರು ಅಲ್ಲಿ ಫೀಸು ಪಡೆದು ಸಮಾನರಾಗಿ ಮಾತಾಡುತ್ತಾರೆ. ನಿಮ್ಮಲ್ಲಿ ಬಲ್ಲವರು ನಿಮಗಿಂತ ಕೆಳಗಿನ ಕುರ್ಚಿಯಲ್ಲಿದ್ದಾರೆ. ಕೆಲಸ ಕೊಡುವವರು ಮರೆಯಬಾರದ ವ್ಯತ್ಯಾಸ ಇದು.

ಮೊದಲು ಕೆಲಸವನ್ನೇ ಬಿಚ್ಚಿ ನೋಡಿ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ನ್ಯಾಕ್ 1994ರಲ್ಲಿ ಆರಂಭವಾದ ಸಂಸ್ಥೆ. ಕಾಲೇಜುಗಳ ಸ್ವಯಂ ಅಧ್ಯಯನ ವರದಿಯನ್ನು ಪಠ್ಯಕ್ರಮ, ಬೋಧನೆ ಮತ್ತು ಮೌಲ್ಯಮಾಪನ, ಸಂಶೋಧನೆ ಮತ್ತು ವಿಸ್ತರಣೆ, ಮೂಲಸೌಕರ್ಯ, ವಿದ್ಯಾರ್ಥಿ ಬೆಂಬಲ, ಆಡಳಿತ, ಸಂಸ್ಥೆಯ ಮೌಲ್ಯಗಳು ಎಂಬ ಏಳು ಮಾನದಂಡಗಳ ಅಡಿ ಬರೆಯುವ ಪದ್ಧತಿ ಬೆಳೆದುಬಂದಿದೆ. ಅದರೊಳಗಿನ ಪ್ರಶ್ನೆಗಳಲ್ಲಿ ಎರಡು ಜಾತಿ. ಕೆಲವಕ್ಕೆ ಅಂಕಿ ತುಂಬಿ ದಾಖಲೆ ಜೋಡಿಸಬೇಕು, ಕೆಲವಕ್ಕೆ ಇಂತಿಷ್ಟು ಪದಗಳಲ್ಲಿ ಬರೆಯಬೇಕು. ಎರಡನೆಯ ಜಾತಿಯಲ್ಲಿ ಎಷ್ಟೋ ವರದಿಗಳು ಸೊರಗಿರುತ್ತವೆ; ‘ನಮ್ಮ ಸಂಸ್ಥೆಯು ವಿದ್ಯಾರ್ಥಿಗಳ ಸರ್ವಾಂಗೀಣ ಬೆಳವಣಿಗೆಗೆ ಶ್ರಮಿಸುತ್ತಿದೆ’ ಎಂದು ಬರೆದು ಹಾಳೆ ತುಂಬಿಸಿದವರೇ ಹೆಚ್ಚು. ಮೊಳಕಾಲ್ಮೂರಿನ ಕಡೆಯಿಂದ ಬಸ್ಸು ಹಿಡಿದು ಬರುವ ಹುಡುಗಿಯರಿಗಾಗಿ ನಿಮ್ಮ ಕಾಲೇಜು ಏನನ್ನಾದರೂ ಮಾಡಿದ್ದರೆ, ಅದನ್ನು ಓದುವಂತೆ ಬರೆಯಬಲ್ಲವರು ಭಾಷೆ ಕಲಿಸುವ ನೀವೇ. ಆದ್ದರಿಂದ ಈ ಕೆಲಸ ನಿಮಗೆ ಒಗ್ಗುವುದಿಲ್ಲ ಎಂಬುದೇ ಅರ್ಧ ನಿಜ. ಬರೆಯುವ ಅರ್ಧವನ್ನು ಯಾರಿಗೂ ಕೊಡಬೇಡಿ.

ಉಳಿದರ್ಧಕ್ಕೆ ಪ್ರಾಂಶುಪಾಲರ ಬಳಿ ಹೋಗಿ ಲಿಖಿತ ಆದೇಶ ಮಾಡಿಸಿ. ಅಂಕಿ ಸಂಗ್ರಹಿಸಿಕೊಡುವುದು ಆಯಾ ವಿಭಾಗದ ಮುಖ್ಯಸ್ಥರ ಹೊಣೆ ಎಂದು ಅದರಲ್ಲಿರಲಿ, ಇಲ್ಲದಿದ್ದರೆ ಆ ಅತಿಥಿ ಉಪನ್ಯಾಸಕಿ ಕಡತಕ್ಕಾಗಿ ಒಂದೊಂದು ವಿಭಾಗದ ಬಾಗಿಲಲ್ಲೂ ನಿಲ್ಲಬೇಕಾಗುತ್ತದೆ. ಬಂದ ಅಂಕಿಯನ್ನು ಒಂದೇ ನಮೂನೆಗೆ ತರುವುದು, ಅಪ್‌ಲೋಡ್ ಮಾಡುವುದು ಅವರ ಪಾಲು. ಸಹ ಸಂಯೋಜಕಿ ಎಂದು ಅವರ ಹೆಸರು ಆದೇಶದಲ್ಲಿ ಬರಲಿ, ವಾರಕ್ಕೆ ಇಷ್ಟು ಗಂಟೆ ಎಂದೂ ಬರಲಿ, ಅದಕ್ಕೆ ಸಂಭಾವನೆ ಕೊಡಲು ಸಾಧ್ಯವೇ ಎಂದು ನೀವೇ ಅವರ ಪರವಾಗಿ ಕೇಳಿ. ಸಂಭಾವನೆ ಇಲ್ಲವೆಂದರೆ ಅವರ ಬೇರೆ ಯಾವುದಾದರೂ ಹೊರೆ ಇಳಿಯಬೇಕು. ಬಾಯಿಮಾತಿನಲ್ಲಿ ಮಾಡಿದ ಕೆಲಸ ನಾಳೆ ಅವರ ಅನುಭವ ಪತ್ರದಲ್ಲಿ ಒಂದು ಸಾಲಾಗಿಯೂ ಉಳಿಯುವುದಿಲ್ಲ, ಆದೇಶದ ಪ್ರತಿ ಉಳಿಯುತ್ತದೆ.

ಇನ್ನೊಂದು ಮಾತು. ವರದಿಯ ಅಂಕಿಗಳನ್ನು ದಾಖಲೆಗಳೊಂದಿಗೆ ತಾಳೆ ನೋಡುವ ಹಂತವೊಂದಿದೆ; ಆಗ ಬರುವ ಆಕ್ಷೇಪಣೆಗಳಿಗೆ ಉತ್ತರಿಸಬೇಕಾದವರು ಸಂಯೋಜಕಿ. ಆದ್ದರಿಂದ ಎಕ್ಸೆಲ್ ಕಲಿಯದಿದ್ದರೂ ಅದನ್ನು ಓದಲು ಕಲಿಯಿರಿ. ಪ್ರತಿ ಮಾನದಂಡದಿಂದ ಐದು ಅಂಕಿಗಳನ್ನು ಕಣ್ಣು ಮುಚ್ಚಿ ಆರಿಸಿ, ಅದರ ಮೂಲ ದಾಖಲೆ ತರಿಸಿ, ಬೆರಳಿಟ್ಟು ನೋಡಿ. ಐದರಲ್ಲಿ ಎರಡಕ್ಕೆ ದಾಖಲೆ ಸಿಗದಿದ್ದರೆ ಇಡೀ ಭಾಗ ವಿಭಾಗಕ್ಕೆ ವಾಪಸು. ಈ ಜಗಳ ನಿಮ್ಮದು, ಅತಿಥಿ ಉಪನ್ಯಾಸಕಿಯಿಂದ ಮಾಡಿಸಬೇಡಿ.

ಪ್ರಶ್ನೆ: ನಾವು ರೊಟ್ಟಿ ಊಟದ ಅಡುಗೆ ಗುತ್ತಿಗೆ ಮಾಡುವವರು. ಬೆಂಗಳೂರಿನ ಬೀಗರು ಬರುವ ಒಂದು ಮದುವೆಯಲ್ಲಿ ಬೆಳಗಿನ ತಿಂಡಿಗೆ ಬೆಣ್ಣೆದೋಸೆಯನ್ನು ಸ್ಥಳದಲ್ಲೇ ಹಾಕಿಕೊಡಬೇಕೆಂದು ಕೇಳಿದ್ದಾರೆ. ನಮಗೆ ದೋಸೆ ಹಾಕಿ ಅಭ್ಯಾಸವಿಲ್ಲ. ದೋಸೆಯವರನ್ನು ಕರೆಸಿದರೆ ನಮ್ಮ ಮರ್ಯಾದೆ ಹೋದಂತೆಯೇ?
– ದಾವಣಗೆರೆ

ಉತ್ತರ: ದಾವಣಗೆರೆಯಲ್ಲಿ ನಿಂತು ಬೆಣ್ಣೆದೋಸೆ ಕೆಡಿಸಿದರೆ ಮರ್ಯಾದೆ ಹೋಗುತ್ತದೆ. ಮಂಡಕ್ಕಿ ಹಾಕಿ ರುಬ್ಬಿದ ಹಿಟ್ಟಿನ ಹದ, ಹಂಚಿನ ಕಾವು, ಎಷ್ಟು ಬೆಣ್ಣೆ ಯಾವಾಗ ಬೀಳಬೇಕೆಂಬ ಅಂದಾಜು ಒಂದು ವಾರದಲ್ಲಿ ಕೈಗೆ ಬರುವಂಥದ್ದಲ್ಲ. ದೋಸೆಯವರನ್ನೇ ಕರೆಸಿ, ಹಿಟ್ಟು, ಹಂಚು, ಸೌದೆ, ಬೆಣ್ಣೆ ಎಲ್ಲವೂ ಅವರದೇ ಇರಲಿ, ‘ಹಿಟ್ಟು ನಾವು ರುಬ್ಬಿಕೊಡುತ್ತೇವೆ’ ಎಂದು ಖರ್ಚು ಉಳಿಸಲು ಹೋಗಬೇಡಿ, ಏಕೆಂದರೆ ದೋಸೆ ಕೆಟ್ಟಾಗ ಹಿಟ್ಟಿನ ತಪ್ಪೋ ಕೈಯ ತಪ್ಪೋ ಎಂಬ ಪಂಚಾಯಿತಿ ಮದುವೆ ಮನೆಯಲ್ಲಿ ಬೇಡ. ಮನೆಯವರಿಗೆ ಮುಂಚೆಯೇ ಹೇಳಿ. ನೀವು ನೋಡಿಕೊಳ್ಳಬೇಕಾದದ್ದು ಒಂದೇ: ಒಬ್ಬರು ಹಾಕುವ ದೋಸೆ ಮುನ್ನೂರು ಜನರಿಗೆ ಮುಹೂರ್ತದೊಳಗೆ ಮುಟ್ಟುವುದಿಲ್ಲ. ಎಷ್ಟು ಹಂಚು ತರುತ್ತೀರಿ ಎಂದು ಕೇಳಿ, ಅದರ ಜೊತೆಗೆ ಉಪ್ಪಿಟ್ಟೋ ಮಂಡಕ್ಕಿ ಉಸುಲಿಯೋ ನಿಮ್ಮ ಕಡೆಯಿಂದ ಇರಲಿ.

ಪ್ರಶ್ನೆ: ಚಿತ್ರದುರ್ಗದಲ್ಲಿ ನನ್ನದು ಡಿಟಿಪಿ ಮತ್ತು ಫ್ಲೆಕ್ಸ್ ಅಂಗಡಿ. ಚಳ್ಳಕೆರೆ ಕಡೆಯ ಕಡಲೆಕಾಯಿ ಎಣ್ಣೆ ಗಿರಣಿಯವರೊಬ್ಬರು ಹೊಸ ಲೋಗೋ ಮತ್ತು ಪ್ಯಾಕೆಟ್ಟಿನ ಲೇಬಲ್ ವಿನ್ಯಾಸ ಕೇಳಿದರು. ನನಗೆ ಅಕ್ಷರ ಜೋಡಿಸಿ ಗೊತ್ತೇ ಹೊರತು ವಿನ್ಯಾಸದಲ್ಲಿ ಕೈ ಓಡದು. ಹುಬ್ಬಳ್ಳಿಯ ಗೆಳೆಯನಿಗೆ ಕೊಟ್ಟೆ, ಸೊಗಸಾಗಿ ಮಾಡಿದ, ನಾನು ಹಣ ಕೊಟ್ಟೆ. ಈಗ ಅದೇ ಲೋಗೋವನ್ನು ಚೂರು ಬದಲಿಸಿ ಬೇರೊಬ್ಬರಿಗೆ ಮಾರುವೆನೆಂದು ತಮಾಷೆಗೆ ಅಂದ. ಹಣ ಕೊಟ್ಟ ಮೇಲೆ ಅದು ನನ್ನದಲ್ಲವೇ?
– ಚಿತ್ರದುರ್ಗ

ಉತ್ತರ: ಸಾಮಾನ್ಯವಾಗಿ ಅಲ್ಲ, ಆದ್ದರಿಂದ ಅವನ ತಮಾಷೆಯನ್ನು ಗಂಭೀರವಾಗಿಯೇ ತೆಗೆದುಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ ರಚಿಸಿದವನೇ ಮೊದಲ ಹಕ್ಕುದಾರ. ಸಂಬಳದ ನೌಕರ ಕೆಲಸದ ಭಾಗವಾಗಿ ರಚಿಸಿದ್ದು, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕರದಾಗುತ್ತದೆ. ಆದರೆ ನಿಮ್ಮ ಗೆಳೆಯ ನಿಮ್ಮ ನೌಕರನಲ್ಲ. ಹಕ್ಕು ದಾಟಬೇಕಾದರೆ 19ನೆಯ ಕಲಮಿನಂತೆ ಬರಹದಲ್ಲಿ, ಅವನ ಸಹಿಯೊಂದಿಗೆ ದಾಟಬೇಕು. ಆ ಬರಹದಲ್ಲಿ ಕಾಲ ಹೇಳದಿದ್ದರೆ ಕಾಯ್ದೆ ಅದನ್ನು 5 ವರ್ಷವೆಂದು, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರವೆಂದು ಎಣಿಸುತ್ತದೆ. ಎಣ್ಣೆ ಗಿರಣಿಯವರು ಐದು ವರ್ಷದ ಮೇಲೆ ಲೋಗೋ ಬದಲಿಸುವವರಲ್ಲ, ಆದ್ದರಿಂದ ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಎಲ್ಲೆಲ್ಲಿ, ಎಷ್ಟು ಹಣಕ್ಕೆ ಎಂಬುದನ್ನು ಬಿಡಿಸಿ ಬರೆಸಿ. ಹಕ್ಕು ನಿಮ್ಮ ಮೂಲಕ ಸುತ್ತಿ ಬರುವ ಬದಲು ಅವನಿಂದ ನೇರವಾಗಿ ಗಿರಣಿಯವರ ಹೆಸರಿಗೇ ಹೋಗಲಿ. ಲೋಗೋವನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸುವುದು ಇದರಿಂದ ಬೇರೆಯಾದ ವಿಷಯ, ಅದು ಗಿರಣಿಯವರ ಕೆಲಸ.

ಲೇಬಲ್ಲಿನ ಬಗ್ಗೆ ಒಂದು ಎಚ್ಚರಿಕೆ. ವಿನ್ಯಾಸ ಗೆಳೆಯನದಾದರೂ ಅದರ ಮೇಲಿನ ಅಕ್ಷರಗಳನ್ನು ಅವನಿಗೆ ಬಿಡಬೇಡಿ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿಯ 14 ಅಂಕೆಗಳು, ನಿವ್ವಳ ಪ್ರಮಾಣ, ಬೆಲೆ, ತಯಾರಿಕೆಯ ದಿನಾಂಕದ ಜಾಗ, ತಯಾರಕರ ವಿಳಾಸ, ಸಸ್ಯಾಹಾರದ ಹಸಿರು ಗುರುತು, ಇವುಗಳನ್ನು ಗಿರಣಿಯವರಿಂದ ಬರಹದಲ್ಲಿ ತರಿಸಿ, ನೀವೇ ಜೋಡಿಸಿ, ಒಂದೊಂದು ಅಂಕೆಯನ್ನೂ ಓದಿ ಹೇಳಿಸಿ ತಾಳೆ ನೋಡಿ. ಅಕ್ಷರ ಜೋಡಿಸುವುದು ನಿಮ್ಮ ಕೈಗೆ ಬಂದ ಕೆಲಸ ಎಂದು ನೀವೇ ಬರೆದಿದ್ದೀರಿ. ಆಮೇಲೆ ಅಚ್ಚಿಗೆ ಕಳಿಸುವ ಮುಂಚೆ ಆ ಮಾದರಿ ಹಾಳೆಯ ಮೇಲೆ ಗಿರಣಿಯವರ ಸಹಿ ಮತ್ತು ತಾರೀಕು ಹಾಕಿಸಿಕೊಂಡು, ಗೆಳೆಯ ಬರೆದುಕೊಟ್ಟ ಹಕ್ಕುಪತ್ರದ ನಕಲಿನ ಜೊತೆ ಒಂದೇ ಫೈಲಿನಲ್ಲಿ ಇಡಿ.